ಖರೇ ಬಸಿರಿಗೆ ಇಡಿಸದ ಬಳೆ

ಮೊನ್ನೆ ಅಣ್ಣನ ಮಗಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಆಗಬೇಕಲ್ಲ. ಬಳೆಗಾರ ಪಡಸಾಲೆಯಲ್ಲಿ ಕೂತು ಕಟ್ಟು ಬಿಚ್ಚಿದ ನೋಡಿ, ಆ ಗಾಜಿನ ಸಪ್ಪಳಕ್ಕೆ ಇದೇ ಐನಾಪುರದ ಮನೆಯಲ್ಲಿ ನಾನು ಮೂವತ್ತು ವರ್ಷ ಹಿಂದಕ್ಕೆ ಹೋದೆ.

ಆಗ ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿರಲಿಲ್ಲ. ಮುಟ್ಟು ನಿಂತು ಹೊಟ್ಟೆ ಮುಂದೆ ಬಂದದ್ದೇ ತಡ, ಅವ್ವ ಯಾವ ಡಾಕ್ಟರನ್ನೂ ಕೇಳದೆ, ದ್ರಾಕ್ಷಿ ಸುಗ್ಗಿಯ ಗದ್ದಲದಲ್ಲೂ ಹಸಿರು ಬಳೆ ಇಡಿಸಿ, ಓಣಿಗೆಲ್ಲ ಹೋಳಿಗೆ ಉಣಿಸಿ ಕುಬಸ ಮಾಡಿದಳು. ಹಾಡಿದ ಹೆಂಗಸರಲ್ಲಿ ಎಲ್ಲರಿಗಿಂತ ದೊಡ್ಡ ದನಿ ನನ್ನದೇ. ರಾಗ ಮಾತ್ರ ಕೇಳಬೇಡಿ.

ವಾರದೊಳಗೆ ವೈನಿಗೆ ಹೊಟ್ಟೆನೋವು ಎದ್ದಿತು. ಮಿರಜಿಗೆ ಒಯ್ದರೆ ಅದು ಕೂಸಲ್ಲ, ಅಂಡಾಶಯದ ಗಡ್ಡೆ. ಆಪರೇಷನ್ನಿಗೆ ಮೊದಲು ನರ್ಸು ಆ ಹಸಿರು ಬಳೆಗಳನ್ನು ತೆಗೆದು ಅವ್ವನ ಉಡಿಗೆ ಹಾಕಿದಳು.

"ಕ್ಯಾನ್ಸರ್ ಅಲ್ಲರಿ, ಹಂಗಂತ ಸಾದಾ ಗಡ್ಡಿನೂ ಅಲ್ಲ, ನಡುವಿಂದು," ಎಂದರು ಡಾಕ್ಟರು. "ಒಂದ ಕಡೆ ಅಂಡಾಶಯ ತಗದೇವಿ. ಇನ್ನೊಂದು ಅಂಡಾಶಯ, ಗರ್ಭಚೀಲ ಎರಡೂ ಹಂಗ ಬಿಟ್ಟೇವಿ. ಮಕ್ಕಳಾಗಬಹುದು. ಆದ್ರ ಬಿಟ್ಟದ್ದರಾಗ ಗಡ್ಡಿ ಮತ್ತ ಬರಬಹುದು, ತೋರಿಸ್ಕೋಂತ ಇರ್ರಿ."

ಎರಡು ವರ್ಷಕ್ಕೆ ವೈನಿ ನಿಜವಾಗಿ ಬಸುರಾದಳು. ಕೂಸಿನ ಎದೆಬಡಿತ ಕೇಳಿ ಬಂದರೂ ಅವ್ವನಿಗೆ ಆ ಹೊಟ್ಟೆಯ ಮೇಲೆ ನಂಬಿಕೆ ಕೂರಲಿಲ್ಲ. ವೈನಿ ಒಂದೇ ಸಲ, ರೊಟ್ಟಿ ಬಡಿಯುತ್ತ, ಮೆಲ್ಲಗೆ ಕೇಳಿದ್ದಳು: "ಅತ್ತಿ, ಈ ಸಲ ಬಳಿ ಇಡ್ಸೂದಿಲ್ಲೇನ್ರಿ?"

"ಬ್ಯಾಡವಾ, ಎದಿ ಹೆದರತೈತಿ. ಮೊದಲ ಕೂಸ ಕೈಗೆ ಬರ್ಲಿ. ಮುಂದಿನದಕ್ಕ ಜೋರ ಮಾಡೂಣು."

ಮಗಳು ಹುಟ್ಟಿದಳು. ಮುಂದಿನದು ಬರಲೇ ಇಲ್ಲ. ವೈನಿ ತಪಾಸಣೆ ತಪ್ಪಿಸಿದವಳಲ್ಲ. ಹಾಗೆ ಹೋದಾಗಲೇ, ಮಗಳಿಗಿನ್ನೂ ಮೂರು ತುಂಬಿರಲಿಲ್ಲ, ಉಳಿದ ಅಂಡಾಶಯದಲ್ಲೂ ಗಡ್ಡೆ ಸಿಕ್ಕಿತು. ಈ ಸಲ ಎಲ್ಲ ತೆಗೆದರು. ಜೀವ ಉಳಿಯಿತು, ಅದೇನು ಸಣ್ಣ ಮಾತಲ್ಲ. ಆದರೂ ಅವ್ವ ಸಾಯುವತನಕ "ಸುಳ್ಳ ಬಸರಿಗೆ ಇಡಿಸಿದ್ನಿ, ಖರೇ ಬಸರಿಗೆ ಇಡಿಸ್ಲಿಲ್ಲಲ್ಲ" ಎಂದು ಹಳಹಳಿಸಿದಳು. ನೆನೆದರೆ ನನಗೂ ಈಗಲೂ ಸಂಕಟವಾಗುತ್ತದೆ.

ಮೊನ್ನೆ ಬಳೆಗಾರ ಮಗಳ ಕೈ ಹಿಡಿದದ್ದೇ ವೈನಿ ನಡುವೆ ಬಂದಳು. "ತಡೀರಿ," ಎಂದು ಮಗಳತ್ತ ತಿರುಗಿದಳು. "ಸ್ಕ್ಯಾನ್ ಮಾಡ್ಯಾರಲ್ಲಬೇ? ಕೂಸ ಐತಿ ಅಂದಾರಲ್ಲ?"

ಕೂಸು ಒದೆಯುವುದು ಸೀರೆಯ ಮೇಲೇ ಕಾಣುತ್ತಿತ್ತು. ಯಾರೂ ನಗಲಿಲ್ಲ. ಮಗಳು ವೈನಿಯ ಅಂಗೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ವೈನಿ ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಹೂಂ, ಐತಿ," ಅಂದಳು. "ಈಗ ಇಡ್ರಿ."