ಸಾಸಿವೆ ಮಡಿಯಲ್ಲಿ ಕೂತ ನನ್ನ ತಮ್ಮ

ಬೆಳಿಗ್ಗೆ ಸೊಸೆ ಒಗ್ಗರಣೆ ಹಾಕಿದಳು. ಸಾಸಿವೆ ಚಟಪಟ ಎಂದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ನಗುವ ಮುದುಕಿಯನ್ನು ಈ ನೌಬಾದದಲ್ಲಿ ಜನ ಒಂಥರಾ ನೋಡುತ್ತಾರೆ. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ.

ನನ್ನ ಮೊಮ್ಮಗಳು ಗೌತಮಿ ಬೀದರಿನಲ್ಲಿ ಕೃಷಿ ಓದುತ್ತಾಳೆ. ಹೋದ ಹಿಂಗಾರಿಗೆ ಖಟಕ ಚಿಂಚೋಳಿಯ ನಮ್ಮ ಹೊಲಕ್ಕೆ ಟೇಪು ಹಿಡಿದು ಬಂದಳು. ಹೆಬ್ಬೇವಿನ ಮರಗಳ ನಡುವೆ ಸಣ್ಣಸಣ್ಣ ಮಡಿ ಮಾಡಿ ಎರಡು ತಳಿಯ ಸಾಸಿವೆ ಬಿತ್ತಿದಳು. ಕೆಲವು ಮಡಿಯಲ್ಲಿ ಒತ್ತೊತ್ತಾಗಿ, ಕೆಲವದರಲ್ಲಿ ದೂರದೂರ. ಯಾವ ತಳಿಗೆ ಎಷ್ಟು ಜಾಗ ಬಿಟ್ಟರೆ ಮರದ ನೆರಳಲ್ಲೂ ಹೆಚ್ಚು ಕಾಳು ಬರುತ್ತದೆಂದು ತೋರಿಸಿದರೇನೇ ಅವಳು ಪಾಸು. ನನ್ನ ಓದು ಎರಡನೇ ಇಯತ್ತೆಗೇ ಮುಗಿದದ್ದು. ಅಷ್ಟು ಖಾಲಿ ನೆಲ ಕಂಡು ಹೊಟ್ಟೆ ಉರಿಯಿತು.

"ಇಷ್ಟು ಜಾಗಾ ಯಾಕ ಬಿಟ್ಟೀದಿ? ಸಾಸಿವಿ ಏನು ಕಾಲು ಚಾಚಿ ಮಲಗ್ತದೇನ?"

"ಹೂಂ ಆಯಿ, ಇದು ಟೊಂಗಿ ಒಡಿಯೋ ತಳಿ. ಔರಾದ ಅಜ್ಜನಂಗ ಅಗಲಾಗಿ ಕುಂದರ್ತದ. ಆ ಕಡೀದು ನಿನ್ನಂಗ ನೆಟ್ಟಗ, ಒತ್ತಿ ಕುಂದ್ರಿಸಿದ್ರೂ ನಡೀತದ."

ಔರಾದ ಅಜ್ಜ ಎಂದರೆ ಔರಾದ ಊರಲ್ಲಿರುವ ನನ್ನ ತಮ್ಮ ಕಾಶಪ್ಪ. ಬಸ್ಸಿನಲ್ಲಿ ಇಬ್ಬರ ಸೀಟು ಅವನೊಬ್ಬನಿಗೇ ಸಾಲದು.

ಎಳ್ಳಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಮನೆಯಲ್ಲಿ ಉಣ್ಣುವವರು ಯಾರು ಹೇಳಿ? ಭಾಲ್ಕಿಯ ಬಳಗವೆಲ್ಲ ಸೊಪ್ಪು-ಕಾಳಿನ ಭಜ್ಜಿ, ರೊಟ್ಟಿ, ಅಂಬಲಿ ಹೊತ್ತು ಹೊಲಕ್ಕೇ ಬಂತು. ಗೌತಮಿ ಮಡಿಗಳ ಸುತ್ತ ಹಗ್ಗ ಕಟ್ಟಿ, ಎಲ್ಲರನ್ನೂ ಬದುವಿನ ಮೇಲೆ ಸಾಲಾಗಿ ಕೂರಿಸಿದಳು. ದಪ್ಪಗಿದ್ದವರು ದೂರದೂರ, ತೆಳ್ಳಗಿದ್ದವರು ಒತ್ತೊತ್ತಿ. ಯಾರೂ ತಕರಾರು ತೆಗೆಯಲಿಲ್ಲ. ಕಾಶಪ್ಪ ಮಾತ್ರ ತಡವಾಗಿ ಬಂದ. ಹಳದಿ ಹೂವಿನ ನಡುವೆ ನೆರಳೂ ಇತ್ತು, ಜಾಗವೂ ಇತ್ತು. ಹಗ್ಗ ದಾಟಿ ಸತರಂಜಿ ಹಾಸಿ ಕೂತೇಬಿಟ್ಟ.

"ಅಜ್ಜಾ, ಏಳ್ರಿ! ಅದು ನನ್ನ ಪರೀಕ್ಷಾ!"

"ಊಟಕ್ಕ ಕುಂತಾಂವ ನಡುವ ಏಳಬಾರ್ದು ಬೇಟಾ. ಭಜ್ಜಿ ಹಾಕು."

ಹುಡುಗಿಯ ಕಣ್ಣು ತುಂಬಿತು. ಅವನು ಎರಡು ಸಲ ಬಡಿಸಿಕೊಂಡ.

ಕೊಯ್ಲಿನ ದಿನ ಅವಳ ಗುರುಗಳು ಬಂದು, ಚಪ್ಪಟೆಯಾದ ಆ ಮಡಿಯ ಎದುರೇ ನಿಂತರು.

"ಇಲ್ಲಿ ಏನಾತವ್ವಾ? ಹಂದಿ ಹೊಕ್ಕಿತ್ತೇನು?"

"ಇಲ್ರಿ ಸರ್. ಔರಾದ ಅಜ್ಜ ಕುಂತಿದ್ರು."

"ಎಷ್ಟೊತ್ತು?"

"ಭಜ್ಜಿ ತೀರೋ ತನಕ ರೀ."

ಗುರುಗಳು ನಗಲಿಲ್ಲ. "ಇಂಥಾವೇ ಇನ್ನೂ ಮಡಿ ಅವಲ್ಲ, ಇದೊಂದು ಬಿಟ್ಟು ತೂಗು. ಕಾರಣ ಇದ್ದದ್ದು ಇದ್ದಂಗ ಬರಿ," ಎಂದರು.

ತೂಗಿದರೆ ಅವಳು ಹೇಳಿದಂತೆಯೇ! ಟೊಂಗೆ ಒಡೆಯುವ ತಳಿ ದೂರ ಬಿತ್ತಿದಲ್ಲಿ, ನೆಟ್ಟಗಿನದು ಒತ್ತಾಗಿ ಬಿತ್ತಿದಲ್ಲಿ ಹೆಚ್ಚು ಕಾಳು ಕೊಟ್ಟಿತ್ತು. ನನ್ನ ಗೌತಮಿ ಪಾಸು! ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದೆ, ಗುರುಗಳ ಡ್ರೈವರನಿಗೂ. ಕಾಶಪ್ಪನಂತೂ "ನಾ ಕುಂತಿದ್ದಕ್ಕ ಸಂಶೋಧನಾ ಆತು" ಎಂದು ಔರಾದ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ.

ಇದನ್ನು ನಿಮಗೆ ಹೇಳುತ್ತಿರುವಾಗಲೇ ಅವನ ಫೋನು ಬಂತು. ತಾನೂ ಮರಗಳ ನಡುವೆ ಸಾಸಿವೆ ಹಾಕುತ್ತಾನಂತೆ.

"ಅಕ್ಕಾ, ಒತ್ತಿ ಬಿತ್ತಲೇನ, ದೂರ ಬಿತ್ತಲೇನ?"

ನಾನು ಸೆರಗು ಸರಿಮಾಡಿಕೊಂಡು, ಗುರುಗಳಂತೆ ದನಿ ಗಟ್ಟಿಮಾಡಿ ಕೇಳಿದೆ: "ಮೊದಲ ಯಾವ ತಳಿ ಅಂತ ಹೇಳು, ತಮ್ಮಾ."