ಸದ್ದು ಮಾಡದೆ ಕುಳಿತುಕೊಳ್ಳಿ

ಹಿಟ್ನಾಳದಿಂದ ಒಳದಾರಿ ಹಿಡಿದು ಹೋದರೆ ಸಿಗುವ ಗುಡ್ಡದೋಣಿ ಅತೀಯಾಳ ತವರು. ಒಂದಷ್ಟು ಮನೆಗಳು, ಅವುಗಳ ಬೆನ್ನಿಗೆ ಯಾರೋ ಪೇರಿಸಿಟ್ಟಂಥ ದೊಡ್ಡ ಬಂಡೆಗಳು. ಒಂದು ಬಂಡೆಯ ಹೊಟ್ಟೆಯಲ್ಲಿ ಯಾವ ಕಾಲದವರೋ ಕೆಮ್ಮಣ್ಣಿನಲ್ಲಿ ಬರೆದ ಎತ್ತುಗಳಿವೆ. ಊರವರಿಗೆ ಅದು ಎತ್ತಿನಕಲ್ಲು.

ಮದುವೆಯಾಗಿ ಗಂಗಾವತಿಗೆ ಬಂದ ಅತೀಯಾಗೆ ಸಾಲಿ ಅರ್ಧಕ್ಕೇ ನಿಂತಿತ್ತು, ಚಿತ್ರ ಬರೆಯುವ ಕೈ ಮಾತ್ರ ನಿಂತಿರಲಿಲ್ಲ. ಮದುವೆಮನೆಗಳಲ್ಲಿ ಮೆಹಂದಿ ಹಾಕುತ್ತಿದ್ದವಳನ್ನು ಅಲ್ಲಿನ ಒಂದು ಸಣ್ಣ ಸಂಸ್ಥೆ ಕರೆಯಿತು. ಹಳೆಯ ಜಾಗಗಳನ್ನೂ ಹಕ್ಕಿ, ಗಿಡಗಳನ್ನೂ ಜನರಿಗೆ ನಡೆಸಿಕೊಂಡು ತೋರಿಸುವುದು ಆ ಸಂಸ್ಥೆಯ ಕೆಲಸ. ಅತೀಯಾ ಹಕ್ಕಿಗಳ ಚಿತ್ರಪಟ ಬರೆದಳು, ದಾರಿಯ ನಕ್ಷೆ ಬರೆದಳು, ಕೊನೆಗೆ ಪುಸ್ತಿಕೆಯ ಮಾತನ್ನೂ ಅವಳೇ ಬರೆಯುವಂತಾಯಿತು. ಎತ್ತಿನಕಲ್ಲಿನ ಮುಂಜಾನೆಯ ನಡಿಗೆ ಅವಳೇ ಸೂಚಿಸಿದ್ದು. ತವರನ್ನು ನಾಲ್ಕು ಜನ ನೋಡಲಿ ಎಂಬ ಆಸೆ. ಬಿಸ್ಮಿಲ್ಲಾ ಎಂದು ಪೆನ್ನು ಹಿಡಿದು ಬರೆದಳು:

“ಸೂರ್ಯ ಹುಟ್ಟುವ ಮೊದಲೇ ಬನ್ನಿ. ಬಂಡೆಯ ಮರೆಯಲ್ಲಿ ಸದ್ದು ಮಾಡದೆ ಕುಳಿತುಕೊಳ್ಳಿ. ದುರ್ಬೀನು ಕಣ್ಣಿಗಿಟ್ಟು ಕಾಯಿರಿ. ಹಳದಿ ಕೊರಳಿನ ಪಿಕಳಾರ ಹಕ್ಕಿ ತಾನಾಗಿ ಹತ್ತಿರ ಬರುತ್ತದೆ.”

ಪ್ರತಿ ಐತವಾರ ಜನ ಬರತೊಡಗಿದರು. ಒಂದು ತಿಂಗಳು ಕಳೆದ ಮೇಲೆ ಅತೀಯಾ ಪುಸ್ತಿಕೆಯ ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡು ತವರಿಗೆ ಹೋದಳು. ನಳದ ಹತ್ತಿರ ಹೆಂಗಸರು ಕೊಡ ಇಟ್ಟು ನಿಂತಿದ್ದರು. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ನೆರೆಮನೆಯ ಮುದಕಮ್ಮನೂ ಅಲ್ಲಿದ್ದಳು.

“ಬಾರವ್ವಾ, ದುರ್ಬೀನದಾಕಿ. ಎಲ್ಲಾ ಛಲೋತ್ನಾಗಿ ಕಂಡತೇನು?”

ಹೆಂಗಸರು ನಕ್ಕರು. ಆ ನಗೆಯಲ್ಲಿ ಅತೀಯಾಗೆ ಜಾಗವಿರಲಿಲ್ಲ.

“ಏನ ಆತು ಚಿಗವ್ವಾ?”

“ನಮಗೇನ ಆಗತೈತಿ. ನಿಮ್ಮ ಮನ್ಯಾಗ ಬಾಗಲಾ ಹಾಕ್ಕೊಂಡು ಕುಂದ್ರೂ ಖೋಲಿ ಐತಂತಲ್ಲ, ಭಾಳ ಛಲೋ ಆತು ಬಿಡು.”

ಮನೆಯಲ್ಲಿ ತಮ್ಮ ಫಾರೂಕನ ಹೆಂಡತಿ ಮುನ್ನಿ, ತುಂಬಿದ ಬಸುರಿ, ಚಹಾವನ್ನು ಎರಡು ಗುಟುಕಿಗೇ ಬಿಟ್ಟಳು.

“ಯಾಕ, ಕುಡಿಯವಲ್ಲಿ?”

“ಇವತ್ತ ಶನಿವಾರ ಅಲ್ಲೇನು ಆಪಾ. ನಾಳೆ ನಸಿಕಿನ್ಯಾಗ ಆ ದುರ್ಬೀನದವರು ಬಂದು ಕಲ್ಲಿನ ಮರಿಗೆ ಕುಂದರ್ತಾರ. ಉಸಿರು ಸೈತ ಕೇಳಂಗಿಲ್ಲ. ನಾವು ಹೋಗಿ ಕುಂತಮ್ಯಾಲೆ ಗೊತ್ತಾಗತೈತಿ ಅಲ್ಲೇ ಅದಾರಂತ. ಅದಕ್ಕ ಮಧ್ಯಾಹ್ನದಿಂದ ನೀರ ಕುಡಿಯೂದ ಬಿಡತೀನಿ.”

“ಕಟ್ಟಿಸಿದ ಸಂಡಾಸ?”

“ಅದಕ್ಕ ನೀರ ಎಲ್ಲೈತಿ? ಕಟಗಿ ಒಟ್ಟೀವಿ.”

ಅತೀಯಾಳ ಕಿವಿ ಸುಟ್ಟಂತಾಯಿತು. ಎತ್ತಿನಕಲ್ಲಿನ ಆ ಮಗ್ಗುಲು ಬಯಲಕಡೆಗೆ ಹೋಗುವ ಹೆಂಗಸರದ್ದು. ಅವಳೂ ಅವ್ವನ ಸೆರಗು ಹಿಡಿದು ನಸುಕಿನಲ್ಲಿ ಅಲ್ಲಿಗೇ ಹೋಗಿ ಬೆಳೆದವಳು. ಅಪ್ಪ ಮರ್ದಾನಸಾಬ ತಪ್ಪಿಸಿಕೊಂಡ ಆಡು ಹುಡುಕಲು ಆ ಕಡೆ ಬಂದರೆ ಬೇವಿನಗಿಡದ ಹತ್ತಿರ ನಿಂತು ಜೋರಾಗಿ ಕೆಮ್ಮುತ್ತಿದ್ದ. ಒಳಗಿನಿಂದ ಯಾರಾದರೂ ಕೆಮ್ಮಿದರೆ ಆಡನ್ನು ಅಲ್ಲಿಗೇ ಬಿಟ್ಟು ಹಿಂದಿರುಗುತ್ತಿದ್ದ. ಗಂಡಸಿನ ಮರ್ಯಾದೆಯೆಲ್ಲ ಆ ಕೆಮ್ಮಿನಲ್ಲಿತ್ತು. ಅಂಥವನ ಮಗಳು ಸದ್ದು ಮಾಡಬೇಡಿ ಎಂದು ಬರೆದಿದ್ದಳು. ಬರೆಯುವ ಮೊದಲು ಜಾಗ ನೋಡಲು ಸಂಸ್ಥೆಯ ಜೀಪಿನಲ್ಲಿ ಬಂದಾಗ ಬಿಸಿಲೇರಿತ್ತು, ಬಂಡೆಗಳು ಖಾಲಿಯಿದ್ದವು. ನಸುಕು ಅವಳಿಗೆ ನೆನಪೇ ಆಗಲಿಲ್ಲ.

ಪುಸ್ತಿಕೆಗಳನ್ನು ಚೀಲದಿಂದ ತೆಗೆಯದೆ ಹಿಂದಿರುಗಿದಳು. ಸೋಮವಾರ ಸಂಸ್ಥೆಯ ಹಿರಿಯ ವೆಂಕೋಬನ ಮುಂದೆ ನಿಂತಳು. ನಿಜ ಹೇಳಲು ನಾಲಗೆ ಏಳಲಿಲ್ಲ.

“ಸರ್, ಎತ್ತಿನಕಲ್ಲಿಗೆ ಈಗ ಮುಂಜಾನಿ ಹಕ್ಕಿ ಬರವಲ್ಲವು. ನಡಿಗಿ ಸಂಜಿಗೆ ಇಟ್ಟರ?”

“ಬರವಲ್ಲವ? ಇಲ್ಲಿ ನೋಡ್ರಿ.” ವೆಂಕೋಬ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. “ನಿನ್ನೆ ಬಂದವರು ಕಳಿಸ್ಯಾರ. ನಿಮ್ಮ ಪುಸ್ತಕದ ಮುಖಪುಟಕ್ಕ ಇದನ್ನ ಹಾಕೂಣು.”

ಪಿಕಳಾರ ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟವಾಗಿ ಕೂತಿತ್ತು. ಅದರ ಹಿಂದೆ, ಬಂಡೆಗಳ ಸಂದಿನಲ್ಲಿ, ಮಂಜುಮಂಜಾಗಿ ಒಂದು ಹಸಿರು, ಅಂಚಿಗೆ ಹಳದಿ. ನೋಡಿದವರು ಪೊದೆ ಎಂದುಕೊಳ್ಳಬೇಕು. ಹೋದ ರಂಜಾನಿಗೆ ಅತೀಯಾ ತಾನೇ ಆರಿಸಿ ಮುದಕಮ್ಮನಿಗೆ ಉಡಿಸಿದ ಸೀರೆ ಅದು.

ಸುಮ್ಮನಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಚಿತ್ರ ಕೈಯಿಂದ ಕೈಗೆ ಹೋಗುತ್ತಿತ್ತು.

“ಸರ್, ಹಿಂದಿರೂದು ಗಿಡ ಅಲ್ರಿ.”

“ಮತ್ತ?”

“ಮನಷ್ಯಾರದಾರ.” ಅವಳು ನೆಲ ನೋಡಿದಳು. “ನಮ್ಮ ಹೆಣ್ಮಕ್ಕಳು ನಸಿಕಿನ್ಯಾಗ ಅಲ್ಲಿಗೇ ಹೋಗ್ತಾರ್ರಿ. ನಾನೂ ಹೋದಾಕಿ. ಮರತಿದ್ದೆ.”

ಉಳಿದದ್ದನ್ನು ಹೇಗೋ ಹೇಳಿದಳು.

ವೆಂಕೋಬ ಅವಳ ಮುಖ ನೋಡಲಿಲ್ಲ. ಚಿತ್ರವನ್ನು ಅಳಿಸಿದ, ಕಳಿಸಿದವರಿಗೂ ಫೋನು ಮಾಡಿ ಅಳಿಸಲು ಹೇಳಿದ. ಮುಂಜಾನೆಯ ನಡಿಗೆ ನಿಂತಿತು. ಹೊಸ ಪುಸ್ತಿಕೆಯಲ್ಲಿ ಹೊತ್ತು ಸಂಜೆಗೆ ಬದಲಾಯಿತು. ಬೇವಿನಗಿಡದ ಹತ್ತಿರ ನಿಂತು ಕೂಗಿ, ಊರವರು ‘ಬರ್ರಿ’ ಎಂದ ಮೇಲೆ ಮುಂದೆ ಹೋಗಬೇಕೆಂದು ಅತೀಯಾ ಬರೆದಳು.

ಶನಿವಾರ ಸುದ್ದಿ ಹೇಳಲು ಹೋದಾಗ ಮುದಕಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅದೇ ಹಸಿರು ಸೀರೆ ಉಟ್ಟಿದ್ದಳು.

“ನಿಂತತೇನು? ಏನಂತ ಹೇಳಿ ನಿಲ್ಲಿಸಿದಿ?”

“ಇದ್ದದ್ದ ಹೇಳಿದೆ, ಚಿಗವ್ವಾ.”

ಸುಲಿಯುವ ಕೈ ನಿಂತಿತು. “ಗಂಡಸ್ರ ಮುಂದ? ಹಕ್ಕಿ ಇಲ್ಲಂತ ಹೇಳಾಕ ಬರತಿರಲಿಲ್ಲೇನು?”

“ಹೇಳಿದ್ದೆ. ನಂಬಲಿಲ್ಲ.”

“ಯಾಕ ನಂಬಲಿಲ್ಲ?”

ಅತೀಯಾ ಸೀರೆಯ ಹಳದಿ ಅಂಚು ನೋಡುತ್ತ ನಿಂತಳು.

“ಇಷ್ಟ ದಿನ ನಿನ್ನ ದುರ್ಬೀನಕ್ಕ ಅಂಜಿದ್ವಿ. ಇನ್ನ ನಿನ್ನ ಬಾಯಿಗೂ ಅಂಜಬೇಕು,” ಎಂದು ಮುದಕಮ್ಮ ಮತ್ತೆ ಶೇಂಗಾ ಸುಲಿಯತೊಡಗಿದಳು.

ಅತೀಯಾ ಆ ದಿನ ಹಿಂದಿರುಗಲಿಲ್ಲ. ನಡಿಗೆ ನಿಂತ ಸುದ್ದಿ ತಿಳಿಯದೆ ಯಾರಾದರೂ ಬಂದುಬಿಟ್ಟರೆ ಎಂಬ ಅಂಜಿಕೆ. ಐತವಾರ ನಸುಕಿನ ನಮಾಜು ಮುಗಿಸಿ ಹೊರಗೆ ಬಂದಳು. ಚೆಂಬು ಹಿಡಿದ ಹೆಂಗಸರು ಅವಳನ್ನು ದಾಟಿ ಹೋದರು. ಅವಳು ಹಿಂದೆ ಹೆಜ್ಜೆ ಹಾಕಿದಳು. ಬೇವಿನಗಿಡದ ಹತ್ತಿರ ಮುದಕಮ್ಮ ತಿರುಗಿ ನಿಂತಳು.

“ನೀ ಇಲ್ಲೇ ನಿಂದ್ರು. ಯಾರರ ಬಂದ್ರ ಕೆಮ್ಮು.”

ಅತೀಯಾ ದಾರಿಯ ಕಡೆ ಮುಖ ಮಾಡಿ ನಿಂತಳು. ಬೆಳಕು ಹರಿಯುತ್ತಿತ್ತು. ಬೆನ್ನ ಹಿಂದೆ, ಬಲು ಹತ್ತಿರದಲ್ಲೇ, ಪಿಕಳಾರವೊಂದು ಕೂಗಿತು. ಅವಳು ತಿರುಗಿ ನೋಡಲಿಲ್ಲ.