ಕಟಿಂಗ್ ಮಾಸ್ಟರನ ಎಡಗೈ

ಬಲಗೈ ಹೆಬ್ಬೆರಳು ಕತ್ತರಿಯ ಹಿಡಿಯೊಳಗೆ ನಿಲ್ಲದಾದಾಗ ದರ್ಜಿ ಅಂಗಡಿಯ ಕಟಿಂಗ್ ಮಾಸ್ಟರ್ ಬೈದದ್ದು ಕತ್ತರಿಯನ್ನು. ಸಾಣೆ ಹಿಡಿಸಿದ, ತಿರುಪು ಸಡಿಲಿಸಿದ, ಕೊನೆಗೆ ಹೊಸದನ್ನೇ ತಂದ. ಅದೂ ಕೈಜಾರಿತು. ಸೋತದ್ದು ಕೈಯೇ ಎಂದು ಗಿರಾಕಿಗಳಿಗೆ ಗೊತ್ತಾದರೆ ಅಂಗಡಿಗೆ ಬೀಗ. ಹಾಗಾಗಿ ಗಂಡ ಹೆಂಡತಿ ಪರದೆ ಎಳೆದುಕೊಂಡು ಕೆಲಸಕ್ಕಿಳಿದರು. ಅವಳು ಬಟ್ಟೆಯನ್ನು ಬಿಗಿಯಾಗಿ ಹಿಡಿಯುವುದು, ಅವನು ಎಡಗೈಯಲ್ಲಿ ಕತ್ತರಿಸುವುದು. ಬಲಗೈ ಕತ್ತರಿ ಎಡಗೈಗೆ ಒಗ್ಗುವಂಥದ್ದಲ್ಲ. ಮೊದಮೊದಲು ಕಾಲರ್ ಸೊಟ್ಟ, ಅವಳ ಬೈಗುಳ ನೆಟ್ಟಗೆ. ಆಮೇಲಾಮೇಲೆ ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಊರಿಗೆ ಊರೇ ಆ ಅಂಗಿ ತೊಟ್ಟು ಓಡಾಡಿತು, ಒಬ್ಬನಿಗೂ ಸುಳಿವು ಹತ್ತಲಿಲ್ಲ.

ನಾಲಿಗೆ ತೊದಲತೊಡಗಿದ ಮೇಲೆ ಮುಚ್ಚಿಡಲಾಗಲಿಲ್ಲ. ಜನ ಕುಡಿತ ಅಂದರು. ಆಸ್ಪತ್ರೆಯವರು ಮೋಟಾರ್ ನ್ಯೂರಾನ್ ಕಾಯಿಲೆ ಅಂದರು: ಮಾಂಸಖಂಡ ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ, ವಾಸಿ ಮಾಡುವ ಮದ್ದಿಲ್ಲ. ಆದರೆ ಹೊಸ ಮದ್ದೊಂದರ ಪ್ರಯೋಗ ನಡೆದಿದೆ, ರೋಗದ ಓಟ ತಡೆದರೂ ತಡೆದೀತು, ಒಂದು ಜಾಗ ಖಾಲಿಯಿದೆ. ಹೆಂಡತಿಗೆ ಅಷ್ಟು ಸಾಕಾಯಿತು.

"ಕೈ ಸೋಲೋಕೆ ಶುರುವಾಗಿದ್ದು ಯಾವಾಗ?" ಡಾಕ್ಟರಮ್ಮ ಕೇಳಿದರು.

ಅವನ ಮಾತು ಹೊರಡುವಷ್ಟರಲ್ಲಿ ಇವಳು ನುಗ್ಗಿದಳು. ಗಟ್ಟಿ ಆಸಾಮಿ ಅನಿಸಿದರೆ ಸೇರಿಸಿಕೊಳ್ಳುತ್ತಾರೆ ಅನ್ನುವುದು ಅವಳ ಎಣಿಕೆ.

"ಅಯ್ಯೋ, ಮೂರು ವರ್ಷದಿಂದ ಎಡಗೈಲೇ ಕತ್ತರಿಸ್ತಿದಾರೆ ಮೇಡಂ! ಒಬ್ಬ ಗಿರಾಕಿ ಕಂಡುಹಿಡೀಲಿ ನೋಡೋಣ. ಇಂಥ ಕೈ ಎಲ್ಲೂ ಸಿಗಲ್ಲ!"

ಡಾಕ್ಟರಮ್ಮನ ಪೆನ್ನು ನಿಂತಿತು. "ಕಾಯಿಲೆ ಶುರುವಾಗಿ ಎರಡು ವರ್ಷ ದಾಟಿದವರನ್ನ ಪ್ರಯೋಗಕ್ಕೆ ತಗೊಳ್ಳೋ ಹಾಗಿಲ್ಲಮ್ಮ."

"ಇಲ್ಲ ಇಲ್ಲ, ಬಾಯ್ತಪ್ಪಿ ಅಂದೆ. ಮೊನ್ನೆ ಮೊನ್ನೆ ಶುರುವಾಗಿದ್ದು..."

"ಬೇರೆ ಪ್ರಯೋಗ ಬಂದ್ರೆ ಹೇಳಿಕಳಿಸ್ತೀವಿ."

ಬೇಗ ಬಂದವರಲ್ಲೇ ಮದ್ದಿನ ಗುಣ ತಿಳಿಯುವುದಂತೆ. ಇರಬಹುದು. ಹೊಟ್ಟೆಪಾಡಿಗಾಗಿ ರೋಗ ಬಚ್ಚಿಟ್ಟವರು ಬೇಗ ಬರುವುದು ಹೇಗೆ ಎಂದು ಕಟ್ಟಳೆ ಮಾಡಿದವರು ಯೋಚಿಸಿದಂತಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಹಣೆ ಚಚ್ಚಿಕೊಂಡಳು. "ನನ್ನ ಬಾಯಿ ಸೇದಿಹೋಗ! ಒಂದು ಮಾತು ತಡಕೊಂಡಿದ್ರೆ ಇವತ್ತು ಮದ್ದು ಸಿಕ್ತಿತ್ತಲ್ರೀ..."

ಅವನು ಅಕ್ಷರ ಅಕ್ಷರ ಜೋಡಿಸಿದ. "ಮದುವೆ ಆದಾಗಿಂದ... ಇವತ್ತೇ ಕಣೇ... ನನ್ನ ಕೆಲಸ ಹೊಗಳಿದ್ದು. ಜಾಗ ನೋಡ್ಕೊಂಡು... ಹೊಗಳಬಾರದಾ?"

ನಗಲು ಹೋಗಿ ಕೆಮ್ಮಿದ, ಜೊಲ್ಲು ಸುರಿಯಿತು. ಒರೆಸಿದಳು. ಅವಳಿಗೆ ನಗು ಬರಲಿಲ್ಲ. ಸೊಟ್ಟ ಕಂಡಾಗೆಲ್ಲ ಬಾಯಿ ಮಾಡಿದ್ದುಂಟು. ನೆಟ್ಟಗಿದ್ದುದಕ್ಕೆ ಒಂದು ಮಾತೂ ಆಡಿರಲಿಲ್ಲ. ಈಗ ಏನು ಹೊಗಳಿದರೂ ರೋಗಿಗೆ ಹೇಳುವ ಸಮಾಧಾನವೇ ಆಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನಿಗೂ.